ಸ್ಕ್ರೂ ಹಾಕೋಣವಾ, ಬೆಲ್ಟ್ ಹಾಕೋಣವಾ?

ಪ್ರಾಜೆಕ್ಟಿಗೆ ಒಂದು ಚಿಕ್ಕ ಸಿಎನ್‌ಸಿ ರೂಟರ್ ಅಥವಾ ತ್ರೀಡಿ ಪ್ರಿಂಟರ್ ಮಾಡೋಕೆ ಹೊರಟರೆ ಮೊದಲ ದಿನವೇ ಏಳೋ ಜಗಳ ಇದು. ಆದರೆ ಇಡೀ ಮಷೀನಿಗೆ ಒಂದೇ ಉತ್ತರ ಇರಬೇಕು ಅಂತೇನಿಲ್ಲ. ಎಷ್ಟು ಭಾರ, ಎಷ್ಟು ದೂರ, ಎಷ್ಟು ವೇಗ, ಎಷ್ಟು ನಿಖರತೆ ಅನ್ನೋದನ್ನ ಒಂದೊಂದು ಆಕ್ಸಿಸ್‌ಗೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡು ಆಮೇಲೆ ಎಸ್.ಪಿ. ರೋಡಿನ ಬಸ್ ಹತ್ತಿ.

ಒಂದು ಸಣ್ಣ ಲೆಕ್ಕ ನೋಡೋಣ. ಸಾಮಾನ್ಯ ಸ್ಟೆಪರ್ ಮೋಟಾರು ಒಂದು ಸುತ್ತಿಗೆ 200 ಸ್ಟೆಪ್ ಹಾಕುತ್ತೆ. ಅದಕ್ಕೆ 20 ಹಲ್ಲಿನ ಪುಲ್ಲಿ, 2 ಮಿ.ಮೀ. ಪಿಚ್ಚಿನ ಬೆಲ್ಟ್ ಹಾಕಿದರೆ ಒಂದು ಸುತ್ತಿಗೆ 40 ಮಿ.ಮೀ. ಚಲನೆ, ಅಂದ್ರೆ ಸ್ಟೆಪ್ಪಿಗೆ 0.2 ಮಿ.ಮೀ. ಅದೇ ಮೋಟಾರಿಗೆ 8 ಮಿ.ಮೀ. ಲೀಡಿನ ಸ್ಕ್ರೂ ಹಾಕಿದರೆ ಸ್ಟೆಪ್ಪಿಗೆ 0.04 ಮಿ.ಮೀ. ಆದರೆ 300 ಆರ್‌ಪಿಎಂನಲ್ಲಿ ಬೆಲ್ಟು ಸೆಕೆಂಡಿಗೆ 200 ಮಿ.ಮೀ. ಓಡಿದರೆ ಸ್ಕ್ರೂ ಬರೀ 40. ಪ್ರಿಂಟರಿನ ಎಕ್ಸ್, ವೈ ಆಕ್ಸಿಸ್‌ಗಳು ಹಗುರ, ಸದಾ ಓಡಾಡುತ್ತಾ ಇರ್ತವೆ, ಅಲ್ಲಿಗೆ ಬೆಲ್ಟೇ ಸರಿ. ಮರ ಕೊರೆಯೋ ರೂಟರಿನಲ್ಲಿ ಕಟ್ಟರ್ ಎದುರು ತಳ್ಳುತ್ತೆ, ಬೆಲ್ಟು ಹಿಗ್ಗುತ್ತೆ. ಅಲ್ಲಿ ಸ್ಕ್ರೂ ವಾಸಿ.

ಹಾಗಂತ ಎರಡು ಮೀಟರ್ ಉದ್ದದ ಸ್ಕ್ರೂ ತರಬೇಡಿ. ಉದ್ದ ಎರಡು ಪಟ್ಟಾದರೆ ಸ್ಕ್ರೂ ಅದುರದೆ ತಿರುಗಬಲ್ಲ ವೇಗದ ಮಿತಿ ಕಾಲು ಭಾಗಕ್ಕೆ ಇಳಿಯುತ್ತೆ. ಉದ್ದ ಜಾಸ್ತಿ ಇದ್ದಲ್ಲಿ ರ್‍ಯಾಕ್ ಅಂಡ್ ಪಿನಿಯನ್ ಬಳಸೋದು ಅದಕ್ಕೇ. ಲೀನಿಯರ್ ಮೋಟಾರು ಚೆನ್ನಾಗೇ ಇರುತ್ತೆ, ಆದರೆ ನಮ್ಮ ಬಜೆಟ್ಟಿನಲ್ಲಿ ಅದರ ಮಾತು ಬೇಡ.

ನಿಜವಾದ ಪರೀಕ್ಷೆ ಝಡ್ ಆಕ್ಸಿಸ್‌ನದು, ಯಾಕಂದ್ರೆ ಅಲ್ಲಿ ಗುರುತ್ವ ಯಾವಾಗಲೂ ಕೆಳಗೆ ಎಳೀತಾನೇ ಇರುತ್ತೆ. ಕರೆಂಟ್ ಹೋದರೆ ಸ್ಪಿಂಡಲ್ ಏನಾಗುತ್ತೆ? ಬಾಲ್ ಸ್ಕ್ರೂವಿನ ದಕ್ಷತೆ ಸುಮಾರು 90%. ಒಳಗೆ ಗುಂಡುಗಳು ಉರುಳೋದರಿಂದ ಘರ್ಷಣೆ ಕಡಿಮೆ, ಹಾಗಾಗಿ ಭಾರವೇ ಸ್ಕ್ರೂವನ್ನ ತಿರುಗಿಸಿಕೊಂಡು ಕೆಳಗಿಳಿಯುತ್ತೆ. ಬ್ರೇಕ್ ಇಲ್ಲದಿದ್ರೆ ಕಟ್ಟರ್ ಸೀದಾ ಜಾಬ್ ಮೇಲೆ, ಕೈ ಅಡ್ಡ ಇದ್ರೆ ಕೈ ಮೇಲೆ.

"ಲೀಡ್ ಸ್ಕ್ರೂ ಆದ್ರೆ ಸೆಲ್ಫ್ ಲಾಕಿಂಗ್, ಜಾರಲ್ಲ" ಅಂತ ವೈವಾದಲ್ಲಿ ಎಲ್ಲರೂ ಹೇಳ್ತೀವಿ. ಅದು ಅರ್ಧ ಸತ್ಯ. ಲೀಡನ್ನ ಸ್ಕ್ರೂವಿನ ಸರಾಸರಿ ಸುತ್ತಳತೆಯಿಂದ ಭಾಗಿಸಿ. ಬಂದ ಸಂಖ್ಯೆ ಘರ್ಷಣಾಂಕಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದು ತಾನಾಗಿ ನಿಲ್ಲುತ್ತೆ. ಮಾರ್ಕೆಟ್ಟಿನಲ್ಲಿ ಸಿಗೋ ಟಿ8 ಸ್ಕ್ರೂವಿನ ಸರಾಸರಿ ವ್ಯಾಸ 7 ಮಿ.ಮೀ., ಸುತ್ತಳತೆ ಸುಮಾರು 22. ಲೀಡ್ 2 ಆದರೆ ಉತ್ತರ 0.09, ಲೀಡ್ 8 ಆದರೆ 0.36. ಹಿತ್ತಾಳೆ ನಟ್ಟು, ಸ್ಟೀಲ್ ಸ್ಕ್ರೂ ನಡುವಿನ ಘರ್ಷಣಾಂಕ 0.15ರ ಆಸುಪಾಸು ಅಂತ ಹಿಡಿಯಿರಿ. ಮೊದಲನೆಯದು ನಿಲ್ಲುತ್ತೆ, ಎರಡನೆಯದು ಜಾರುತ್ತೆ! ಕರೆಂಟ್ ಇಲ್ಲದಾಗಲೂ ಮೋಟಾರಿನ ಮ್ಯಾಗ್ನೆಟ್ ಚೂರು ಹಿಡಿದುಕೊಳ್ಳುತ್ತೆ, ಆದರೆ ಭಾರದ ಸ್ಪಿಂಡಲ್ಲಿಗೆ ಅದನ್ನ ನಂಬೋಕಾಗಲ್ಲ.

ಇದಕ್ಕೆ ಬೆಲೆಯೂ ಇದೆ. ತಾನಾಗಿ ನಿಲ್ಲೋ ಸ್ಕ್ರೂವಿನ ದಕ್ಷತೆ ಯಾವತ್ತೂ 50% ದಾಟಲ್ಲ. ದಂಡವಾಗ್ತಿದೆ ಅಂತ ನಾವು ಬೈಯೋ ಆ ಘರ್ಷಣೆಯೇ ಇಲ್ಲಿ ಬ್ರೇಕ್. ಲೀಡ್ 2 ಆದ್ದರಿಂದ 300 ಆರ್‌ಪಿಎಂಗೆ ಸೆಕೆಂಡಿಗೆ 10 ಮಿ.ಮೀ. ಅಷ್ಟೇ, ಆದರೆ ಝಡ್‌ಗೆ ಎಂಥಾ ಅವಸರ?

ಅಂಗಡಿಯಲ್ಲಿ ಬರೀ "ಟಿ8 ಕೊಡಿ" ಅಂದ್ರೆ ಯಾವುದು ಬೇಕಾದ್ರೂ ಕೈಗೆ ಬರಬಹುದು, ದೂರದಿಂದ ಎರಡೂ ಒಂದೇ ಥರ ಕಾಣುತ್ತೆ. ಸ್ಕ್ರೂವಿನ ತುದಿಯನ್ನ ನೇರ ನಿಮ್ಮ ಕಡೆ ತಿರುಗಿಸಿ, ಎಷ್ಟು ಎಳೆ ಶುರುವಾಗ್ತಿದೆ ಎಣಿಸಿ. ಪಿಚ್ 2 ಇರೋ ಸ್ಕ್ರೂನಲ್ಲಿ ನಾಲ್ಕು ಎಳೆ ಇದ್ರೆ ಲೀಡ್ 8, ಒಂದೇ ಇದ್ರೆ 2. ನಟ್ಟನ್ನೂ ಅದಕ್ಕೆ ಸರಿಹೊಂದೋದೇ ಕೇಳಿ ತಗೊಳ್ಳಿ.