ಎಮ್ಮೆಗೆ ಎಳೆದ ಬರೆಯ ಖರ್ಚು

ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರ ಮಾತು ಶುರುವಾಗುವುದೇ ಪ್ರೊಸೆಸರ್‌ನಿಂದ. ಇಂಟೆಲ್ಲೋ ಎಎಂಡಿಯೋ, ಆರು ಕೋರ್ ಸಾಕೋ ಎಂಟು ಬೇಕೋ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ಮದರ್‌ಬೋರ್ಡ್, ರ‍್ಯಾಮ್‌ಗಳನ್ನು ಮಾತ್ರ ಉಳಿದ ದುಡ್ಡಿನಲ್ಲಿ ಹತ್ತು ನಿಮಿಷಕ್ಕೆ ಆರಿಸಿ ಮುಗಿಸುತ್ತಾರೆ. ಯಂತ್ರ ಕೈಕೊಟ್ಟ ದಿನ ಈ ಕ್ರಮ ತಲೆಕೆಳಗಾಗುತ್ತದೆ. ಪರದೆ ಕಪ್ಪಾಗಿ ನಿಂತಾಗ ರಿಪೇರಿ ಬಲ್ಲವರು ಕಟ್ಟಕಡೆಗೆ ಅನುಮಾನಿಸುವ ಭಾಗವೇ ಪ್ರೊಸೆಸರ್. ಅದು ಕೆಡುವುದು ಅಪರೂಪ. ಕಾಟ ಕೊಡುವುದು ಹೆಚ್ಚಾಗಿ ಅದರ ಸುತ್ತಲಿನ ಭಾಗಗಳು. ಆದ್ದರಿಂದ ನನ್ನ ಲೆಕ್ಕ ಹೀಗೆ: ಪ್ರೊಸೆಸರ್ ಕೊಳ್ಳುವಾಗ ಅದರ ವೇಗಕ್ಕೆ ಎಷ್ಟು ಕೊಡುತ್ತೇವೆ ಎಂದು ನೋಡಿದರೆ ಸಾಲದು, ನಾಳೆ ದೋಷ ಎಲ್ಲಿದೆ ಎಂದು ಹುಡುಕಲು ಎಷ್ಟು ತೆರಬೇಕಾಗುತ್ತದೆ ಎಂಬುದನ್ನೂ ಕೂಡಿಸಿಕೊಳ್ಳಬೇಕು.

ಈ ಹುಡುಕಾಟಕ್ಕೆ ಖರ್ಚು ಬೀಳುವುದೇಕೆ ಎಂದರೆ, ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರುತ್ತವೆ. ಆಟದ ನಡುವೆ ಯಂತ್ರ ತಟ್ಟನೆ ಆರಿಹೋದರೆ ಎಸ್‌ಎಂಪಿಎಸ್ ಸೋತಿರಬಹುದು, ಕೂಲರ್ ಸರಿಯಾಗಿ ಕೂತಿರದೆ ಬಿಸಿ ಏರಿರಬಹುದು. ಆಗಾಗ ನೀಲಿ ಪರದೆ ಕಂಡರೆ ರ‍್ಯಾಮ್, ಡ್ರೈವರ್, ಡಿಸ್ಕ್ ಮೂರರ ಮೇಲೂ ಅನುಮಾನ. ಮೊದಲ ಸುತ್ತಿನ ಪರೀಕ್ಷೆಗೆ ಕಾಸು ಬೇಕಿಲ್ಲ. ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರಾ, ಪ್ರೊಸೆಸರ್‌ಗೆ ಹೋಗುವ ಎಂಟು ಪಿನ್ನಿನ ವೈರ್ ಮರೆತಿದ್ದೀರಾ ಎಂದು ನೋಡುವುದು. ರ‍್ಯಾಮ್ ಬಿಚ್ಚಿ ಒಂದೇ ಕಡ್ಡಿ ಹಾಕಿ ಆನ್ ಮಾಡುವುದು. ಬೋರ್ಡಿನ ಸೆಟ್ಟಿಂಗ್ ನೆನಪಿಡುವ ಸಿಎಂಒಎಸ್ ಅಳಿಸಿ ಎಕ್ಸ್‌ಎಂಪಿಯಂಥ ವೇಗದ ಸೆಟ್ಟಿಂಗ್ ತೆಗೆಯುವುದು. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸುವುದು. ಕೆಲವೊಮ್ಮೆ ಕಾಯುವುದೇ ಪರೀಕ್ಷೆ. ಎಎಂಡಿಯ ಎಎಂ5 ಸಾಕೆಟ್‌ನ ಬೋರ್ಡುಗಳು ಮೊದಲ ಸಲ ಆನ್ ಆದಾಗ ರ‍್ಯಾಮಿನೊಂದಿಗೆ ಹೊಂದಿಕೊಳ್ಳಲು ಹಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಅಷ್ಟರಲ್ಲೇ ಗಾಬರಿಯಾಗಿ ಬೋರ್ಡು ವಾಪಸ್ ಕಳಿಸುವವರಿದ್ದಾರೆ. ಇದೆಲ್ಲ ಆದ ಮೇಲೆ ಉಳಿಯುವುದು ಒಂದೇ ದಾರಿ, ಭಾಗಗಳನ್ನು ಅದಲುಬದಲು ಮಾಡಿ ನೋಡುವುದು. ಅಂಗಡಿಯವನ ಬಳಿ ಬೇರೆ ಭಾಗಗಳು ಬಿದ್ದಿರುತ್ತವೆ, ನಮ್ಮ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಅಂದಾಜಿನ ಮೇಲೆ ಹೊಸ ರ‍್ಯಾಮ್ ತರುತ್ತೇವೆ, ಆಮೇಲೆ ಎಸ್‌ಎಂಪಿಎಸ್ ತರುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಇಲ್ಲಿ ಪ್ರತಿ ಬರೆಗೂ ಕೆಲವು ಸಾವಿರ ರೂಪಾಯಿ, ಮೇಲೆ ಶೇ 18ರಷ್ಟು ಜಿಎಸ್‌ಟಿ.

ಈ ಕಣ್ಣಿನಿಂದ ನೋಡಿದರೆ ಪ್ರೊಸೆಸರ್ ಆಯ್ಕೆಯ ಪ್ರಶ್ನೆಗಳೇ ಬದಲಾಗುತ್ತವೆ. ಮೊದಲ ಪ್ರಶ್ನೆ, ಅದರೊಳಗೆ ಗ್ರಾಫಿಕ್ಸ್ ಇದೆಯೇ ಎಂಬುದು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಇಲ್ಲ. ಅದಕ್ಕೇ ಸಾಮಾನ್ಯವಾಗಿ ಒಂದೆರಡು ಸಾವಿರ ಕಡಿಮೆ. ಈ ಉಳಿತಾಯ ಕಾಗದದ ಮೇಲಿನದು. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯೋ ಬೋರ್ಡೋ ಎಂದು ತಿಳಿಯಲು ಕಾರ್ಡ್ ಕಿತ್ತು, ಕೇಬಲನ್ನು ಬೋರ್ಡಿಗೆ ಸಿಕ್ಕಿಸಿ ನೋಡಿದರೆ ಎರಡು ನಿಮಿಷದ ಕೆಲಸ. ಎಫ್ ಪ್ರೊಸೆಸರ್ ಇದ್ದವರು ಬೇರೊಂದು ಕಾರ್ಡ್ ಹುಡುಕಿಕೊಂಡು ಅಲೆಯಬೇಕು. ಎಎಂಡಿಯಲ್ಲಿ ರೈಜನ್ 7600 ಒಳಗೇ ಪುಟ್ಟ ಗ್ರಾಫಿಕ್ಸ್ ಇಟ್ಟುಕೊಂಡು ಬರುತ್ತದೆ. ಹಳೆಯ ರೈಜನ್ 5600ರಲ್ಲಿ ಅದಿಲ್ಲ, 5600ಜಿಯಲ್ಲಿ ಇದೆ. ಆದರೆ 5600ಜಿಯ ಎಲ್3 ಕ್ಯಾಷ್ 32 ಎಂಬಿಯಿಂದ 16ಕ್ಕೆ ಇಳಿದಿರುವುದರಿಂದ ಆಟಗಳಲ್ಲಿ ಅದು ಸ್ವಲ್ಪ ಹಿಂದೆ. ಪುಕ್ಕಟೆ ಸೌಲಭ್ಯ ಯಾವುದೂ ಇಲ್ಲ; ಆದರೆ ಆ ಸ್ವಲ್ಪಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಎಂಬುದಾದರೂ ಗೊತ್ತಿರಬೇಕು.

ಎರಡನೆಯ ಪ್ರಶ್ನೆ ಸಾಕೆಟ್‌ನದು, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ್ದು. ಎಎಂಡಿ ಪರ ವಾದಿಸುವವರು ಎಎಂ4 ಸಾಕೆಟ್‌ನ ಬಾಳಿಕೆಯನ್ನು ಎತ್ತಿ ಹೇಳುತ್ತಾರೆ, ಅದು ನಿಜ ಕೂಡ: 2017ರ ಎಷ್ಟೋ ಬೋರ್ಡುಗಳು ಬಯಾಸ್ ಅಪ್‌ಡೇಟ್ ಮಾಡಿದರೆ 2022ರ ರೈಜನ್ 5800ಎಕ್ಸ್3ಡಿಯನ್ನೂ ನಡೆಸುತ್ತವೆ. ಅಷ್ಟೇ ಕಾಲದಲ್ಲಿ ಇಂಟೆಲ್ 1151ರಿಂದ 1200ಕ್ಕೆ, ಅಲ್ಲಿಂದ 1700ಕ್ಕೆ ಬಂತು; 2024ರಲ್ಲಿ 1851 ಆಯಿತು. ಇದಕ್ಕೆ ಇಂಟೆಲ್ ಕಡೆಯವರ ಉತ್ತರವೂ ತಳ್ಳಿಹಾಕುವಂಥದ್ದಲ್ಲ: ಐದು ವರ್ಷಕ್ಕೊಮ್ಮೆ ಇಡೀ ಯಂತ್ರವನ್ನೇ ಬದಲಿಸುವವನಿಗೆ ಈ ಬಾಳಿಕೆಯಿಂದ ಏನು ಲಾಭ? ಲಾಭ ಅಪ್‌ಗ್ರೇಡಿನಲ್ಲಿಲ್ಲ, ಬಿಡಿಭಾಗದಲ್ಲಿದೆ ಎಂಬುದು ನನ್ನ ಉತ್ತರ. ಪ್ರೊಸೆಸರ್ ಗಟ್ಟಿಯಾಗಿದ್ದು ಬೋರ್ಡು ಸತ್ತರೆ, ಬಹುಕಾಲ ಬಳಕೆಯಲ್ಲಿರುವ ಸಾಕೆಟ್‌ಗೆ ಇನ್ನೊಂದು ಬೋರ್ಡು ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಸಿಗುವ ಸಂಭವ ಹೆಚ್ಚು, ಪರೀಕ್ಷೆಗೆಂದು ಗೆಳೆಯರ ಹತ್ತಿರ ಕಡ ತರುವುದೂ ಸುಲಭ. ತಯಾರಿಕೆ ನಿಂತ ಸಾಕೆಟ್ ಆದರೆ ಚೆನ್ನಾಗಿರುವ ಪ್ರೊಸೆಸರ್ ಕೂಡ ಬೋರ್ಡಿನ ಜೊತೆ ಸಹಗಮನ ಮಾಡಬೇಕಾಗುತ್ತದೆ.

ಪ್ರೊಸೆಸರ್ ಕೆಡುವುದಿಲ್ಲ ಎನ್ನುವವರಿಗೆ 2024 ನೆನಪಿಲ್ಲವೇ ಎಂದು ಕೇಳಬಹುದು. ಬಲವಾದ ಆಕ್ಷೇಪ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮಿತಿಮೀರಿದ ವೋಲ್ಟೇಜಿನಿಂದ ಚಿಪ್ಪೇ ಸವೆಯುತ್ತಿತ್ತು. ಕಂಪನಿ ಆಗಸ್ಟ್‌ನಿಂದ ಮೈಕ್ರೋಕೋಡ್ ತಿದ್ದುಪಡಿಗಳನ್ನು ಕೊಟ್ಟಿತು, ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ಆದರೆ ಆಗಲೇ ಸವೆದ ಚಿಪ್ಪನ್ನು ಯಾವ ತಿದ್ದುಪಡಿಯೂ ಸರಿಮಾಡದು. ಎಎಂಡಿಯೂ ಪರಿಶುದ್ಧವಲ್ಲ: 2023ರಲ್ಲಿ ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಕೆಲವು ಬೋರ್ಡುಗಳಲ್ಲಿ ಸುಟ್ಟ ಮೇಲೆ ಎಸ್‌ಒಸಿ ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸಬೇಕಾಯಿತು. ಈ ಎರಡೂ ಪ್ರಸಂಗ ನನ್ನ ವಾದವನ್ನು ಮುರಿಯುವ ಬದಲು ಗಟ್ಟಿಮಾಡುತ್ತವೆ. ಇಂಟೆಲ್ ಪ್ರಕರಣದಲ್ಲಿ ಆಟಗಳು ತೋರಿಸುತ್ತಿದ್ದುದು ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ. ಅದನ್ನು ನಂಬಿದವರು ಗ್ರಾಫಿಕ್ಸ್ ಕಾರ್ಡಿನ ಹಿಂದೆ ಬೀಳದೆ ಇನ್ನೇನು ಮಾಡಿಯಾರು? ಸಾಲದ್ದಕ್ಕೆ 14900ಕೆಯಂಥ ಪ್ರೊಸೆಸರ್ 253 ವಾಟ್‌ವರೆಗೆ ಎಳೆಯುತ್ತದೆ. ಅದಕ್ಕೆ ತಕ್ಕ ಕೂಲರ್, ಬೋರ್ಡು, ಎಸ್‌ಎಂಪಿಎಸ್ ಎಲ್ಲವೂ ದುಬಾರಿ. ಒಂದು ಮೆಟ್ಟಿಲು ಕೆಳಗಿನದನ್ನು ಕೊಂಡು, ಉಳಿದ ದುಡ್ಡನ್ನು ಒಳ್ಳೆಯ ಎಸ್‌ಎಂಪಿಎಸ್‌ಗೂ ದೋಷ ತೋರಿಸುವ ದೀಪಗಳಿರುವ ಬೋರ್ಡಿಗೂ ಹಾಕುವುದು ಜಾಣತನ.

ಇಷ್ಟೆಲ್ಲ ರಗಳೆ ಏಕೆ, ಬ್ರ್ಯಾಂಡೆಡ್ ಕಂಪ್ಯೂಟರನ್ನೇ ತಂದರಾಯಿತಲ್ಲ ಎನ್ನುವವರ ಮಾತಿನಲ್ಲೂ ಹುರುಳಿದೆ. ಒಂದು ದಿನ ಯಂತ್ರ ನಿಂತರೆ ಆ ದಿನದ ಸಂಪಾದನೆಯೇ ನಿಲ್ಲುತ್ತದೆ ಎನ್ನುವವರಿಗೆ ಮನೆಗೇ ಬಂದು ಸರಿಮಾಡುವ ವಾರಂಟಿ ಖಂಡಿತ ಮೇಲು. ಆದರೆ ಅಂಥ ಎಷ್ಟೋ ಯಂತ್ರಗಳಲ್ಲಿ ಬೋರ್ಡು, ಎಸ್‌ಎಂಪಿಎಸ್ ಆ ಕಂಪನಿಯದೇ ಅಳತೆಯವು; ವಾರಂಟಿ ಮುಗಿದ ಮೇಲೆ ಪೇಟೆಯ ಭಾಗ ಹೊಂದುವುದಿಲ್ಲ. ಹಾಗೆಯೇ, ವಿಡಿಯೊ ಎಡಿಟಿಂಗ್ ಮಾಡಿ ಬದುಕುವವರಿಗೆ ದೊಡ್ಡ ಪ್ರೊಸೆಸರ್ ದುಂದಲ್ಲ, ಬಂಡವಾಳ. ದಿನಕ್ಕೆ ಎಷ್ಟು ಗಂಟೆ ಉಳಿಯುತ್ತದೆ, ಆ ಗಂಟೆಗೆ ತಮಗೆ ಎಷ್ಟು ಸಿಗುತ್ತದೆ ಎಂದು ಗುಣಿಸಿದರೆ ಉತ್ತರ ತಾನೇ ಬರುತ್ತದೆ. ಹಾಗೆ ಗುಣಿಸಲು ಗಂಟೆಗಳೇ ಇಲ್ಲದವರು ಮೇಲ್ದರ್ಜೆಯ ಚಿಪ್ಪಿಗೆ ಹಾಕುವ ದುಡ್ಡನ್ನು ಹವ್ಯಾಸದ ಖರ್ಚಿಗೆ ಬರೆದುಕೊಳ್ಳುವುದೇ ಪ್ರಾಮಾಣಿಕ.

ಕೊನೆಗೆ ಅಂಗಡಿ ಕಟ್ಟೆಯ ಮಾತು. ಬಿಲ್ ಬೇಡವೆಂದರೆ ಇಷ್ಟು ಕಡಿಮೆ, ಬಾಕ್ಸ್ ಬದಲು ಡಬ್ಬಿಯಿಲ್ಲದ ಟ್ರೇ ಪ್ರೊಸೆಸರ್ ಆದರೆ ಇನ್ನಷ್ಟು ಕಡಿಮೆ ಎಂಬ ಆಸೆಗೆ ಬೀಳಬೇಡಿ. ಬಿಲ್ಲಿಲ್ಲದೆ ವಾರಂಟಿ ಕೇಳುವುದು ಕಷ್ಟ, ಟ್ರೇ ಪ್ರೊಸೆಸರ್‌ಗೆ ಮಾರಿದವನೇ ಹೊಣೆ, ತಯಾರಕ ಕಂಪನಿಯಲ್ಲ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಡಬ್ಬಿಗಳನ್ನು ಅಟ್ಟದ ಮೇಲೆ ಎತ್ತಿಡಿ, ಬಿಲ್ಲಿನ ಫೋಟೊವನ್ನು ಇವತ್ತೇ ತೆಗೆದಿಟ್ಟುಕೊಳ್ಳಿ. ಬಿಲ್ಲಿನ ಅಚ್ಚು ಎಷ್ಟೋ ಸಲ ವಾರಂಟಿ ಮುಗಿಯುವ ಮುಂಚೆಯೇ ಮಾಸಿಹೋಗುತ್ತದೆ.