ತೊಂಬತ್ತಾರರ ವಿದ್ಯಾರ್ಥಿ: ವಾರ್ಧಕ್ಯದಲ್ಲಿ ಕಲಿಕೆ ಮತ್ತು ಮೆದುಳಿನ ಸ್ವಾಸ್ಥ್ಯ

2020ರ ಜುಲೈ ತಿಂಗಳಲ್ಲಿ ಇಟಲಿಯ ಪಲೆರ್ಮೋ ವಿಶ್ವವಿದ್ಯಾನಿಲಯದಿಂದ ಇತಿಹಾಸ ಮತ್ತು ತತ್ತ್ವಶಾಸ್ತ್ರಗಳಲ್ಲಿ ಪದವಿ ಪಡೆದ ಜುಸೆಪ್ಪೆ ಪಾತೆರ್ನೊ ಅವರಿಗೆ ಆಗ 96 ವರ್ಷ ವಯಸ್ಸು. 1923ರಲ್ಲಿ ಸಿಸಿಲಿ ದ್ವೀಪದ ಬಡ ಕುಟುಂಬದಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿ ಪ್ರಾಥಮಿಕ ಶಿಕ್ಷಣವಷ್ಟೇ ಲಭಿಸಿತ್ತು. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿ ಸೇವೆ ಸಲ್ಲಿಸಿ, ಅನಂತರ ರೈಲ್ವೆ ಉದ್ಯೋಗದಲ್ಲಿದ್ದು, ಸಂಸಾರದ ಹೊಣೆಯ ನಡುವೆಯೇ 31ನೆಯ ವಯಸ್ಸಿನಲ್ಲಿ ಪ್ರೌಢ ಶಿಕ್ಷಣವನ್ನು ಮುಗಿಸಿದರು. 1984ರಲ್ಲಿ ನಿವೃತ್ತರಾದ ಅವರು ವಿಶ್ವವಿದ್ಯಾನಿಲಯದ ಮೆಟ್ಟಿಲೇರಿದ್ದು 2017ರಲ್ಲಿ. ಹಳೆಯ ಬೆರಳಚ್ಚು ಯಂತ್ರವೊಂದರಲ್ಲಿ ಪಾಠದ ಬರವಣಿಗೆಯನ್ನೆಲ್ಲ ಸಿದ್ಧಪಡಿಸುತ್ತಿದ್ದರು.

ಕಲಿಕೆಯಿಂದಲೇ ಅವರಿಗೆ ದೀರ್ಘಾಯುಷ್ಯ ಲಭಿಸಿತೆಂದು ಹೇಳಲಾಗದು. ಒಬ್ಬರ ಉದಾಹರಣೆಯು ವೈದ್ಯಶಾಸ್ತ್ರಕ್ಕೆ ಪ್ರಮಾಣವಲ್ಲ. ಆದರೆ ಮೆದುಳಿನಲ್ಲಿ ಮರೆವಿನ ರೋಗದ ಲಕ್ಷಣಗಳಿದ್ದೂ ಕೆಲವರ ಬುದ್ಧಿಶಕ್ತಿ ಕುಂದದೆ ಉಳಿಯುವುದನ್ನು ತಜ್ಞರು ಕಂಡಿದ್ದಾರೆ. ವಿದ್ಯೆ, ಬುದ್ಧಿಗೆ ಕೆಲಸ ಕೊಡುವ ಉದ್ಯೋಗ, ಜನಸಂಪರ್ಕ ಇವುಗಳಿಂದ ಮೆದುಳು ಒಂದು ಬಗೆಯ ಮೂಲಧನವನ್ನು ಕೂಡಿಡುತ್ತದೆ. ಒಂದು ದಾರಿ ಮುಚ್ಚಿದರೆ ಮತ್ತೊಂದರಿಂದ ಕಾರ್ಯ ಸಾಧಿಸುತ್ತದೆ ಎಂಬುದು ಅವರ ವಿವರಣೆ. ಇದು ರೋಗವನ್ನು ನಿವಾರಿಸದು. ಅದರ ಪ್ರಕಟಣೆಯನ್ನು ಮುಂದೂಡಬಲ್ಲುದು.

ಹೊರನಾಡ ಕನ್ನಡಿಗರಿಗೆ ಇಲ್ಲಿ ವಿಶೇಷ ಪಾಠವೊಂದುಂಟು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ಮರೆವಿನ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎರಡು ಭಾಷೆಗಳನ್ನಾಡುವವರಲ್ಲಿ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಕಲಿಯದವರಲ್ಲಿಯೂ ಈ ಅಂತರ ಕಂಡುಬಂದುದು ಗಮನಾರ್ಹ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತಮಿಳು ಅಥವಾ ತೆಲುಗು ಆಡುವವರು ತಮಗರಿವಿಲ್ಲದೆಯೇ ಈ ವ್ಯಾಯಾಮವನ್ನು ಮಾಡುತ್ತಿರುತ್ತಾರೆ. ಆದುದರಿಂದ ಮೊಮ್ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡುವುದು ಅಭಿಮಾನದ ವಿಷಯ ಮಾತ್ರವೆಂದು ತಿಳಿಯಬೇಕಾಗಿಲ್ಲ.

ಆದರೆ ಕಲಿಕೆಯೊಂದೇ ಸಾಲದು. ಬದಲಾಯಿಸಬಹುದಾದ 14 ಕಾರಣಗಳನ್ನು ಹತೋಟಿಯಲ್ಲಿಟ್ಟರೆ ಮರೆವಿನ ರೋಗದ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾದೀತೆಂದು 2024ರ ಲ್ಯಾನ್ಸೆಟ್ ಆಯೋಗದ ವರದಿಯು ಅಂದಾಜು ಮಾಡಿದೆ. ರಕ್ತದೊತ್ತಡ, ಮಧುಮೇಹ, ಧೂಮಪಾನ, ಕಿವುಡು, ದೃಷ್ಟಿದೋಷ, ಒಂಟಿತನ ಇವು ಅವುಗಳಲ್ಲಿ ಕೆಲವು. ಸರಿಯಾಗಿ ಕೇಳಿಸದ ವೃದ್ಧರು ಮಾತುಕತೆಯಿಂದ ದೂರ ಸರಿಯುತ್ತಾರೆ. ಶ್ರವಣ ಸಾಧನವನ್ನು ಧರಿಸಲು ಸಂಕೋಚ ಸಲ್ಲದು. ದಿನನಿತ್ಯದ ಕೆಲಸಕ್ಕೆ ತೊಡಕಾಗುವ ಮರೆವನ್ನು ವಯಸ್ಸಿನ ಸಹಜ ಗುಣವೆಂದು ಕಡೆಗಣಿಸದೆ ವೈದ್ಯರಲ್ಲಿಗೆ ಹೋಗಬೇಕು. ಥೈರಾಯ್ಡ್ ದೋಷ, ಬಿ12 ಜೀವಸತ್ತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರಬಹುದು, ಇವಕ್ಕೆ ಚಿಕಿತ್ಸೆಯುಂಟು.

ನಿವೃತ್ತಿಯಾದೊಡನೆ ಮಹಾನಗರದ ಫ್ಲ್ಯಾಟಿನ ನಾಲ್ಕು ಗೋಡೆಗಳೊಳಗೆ ದಿನ ನೂಕುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಔಷಧದಷ್ಟೇ ಅಗತ್ಯವಾದುದು ಮಾಡಲೊಂದು ಕೆಲಸ, ಕಲಿಯಲೊಂದು ವಿಷಯ, ಮಾತಿಗೊಬ್ಬ ಜೊತೆಗಾರ. ಸಂಘದ ವಾಚನಾಲಯದಿಂದ ಒಂದು ಪುಸ್ತಕವನ್ನು ತರುವುದರಿಂದಲೇ ಇದು ಆರಂಭವಾಗಬಹುದು.