‘ಕರಿ’: ಎರಡಕ್ಷರ, ಹಲವು ಮೂಲ – ಪರೀಕ್ಷೆಗೆ ಮುಖ್ಯಾಂಶಗಳು

‘ಕರಿ’ ಪದದ ನಾನಾರ್ಥ ಬರೆಯಿರಿ ಎಂದರೆ ಹೆಚ್ಚಿನವರು ‘ಕಪ್ಪು, ಆನೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅರ್ಧ. ಈ ಅರ್ಥಗಳು ಒಂದೇ ಬೇರಿನಿಂದ ಹುಟ್ಟಿದವಲ್ಲ. ಬೇರೆ ಬೇರೆ ಮೂಲದ ಪದಗಳು ಒಂದೇ ರೂಪಕ್ಕೆ ಬಂದು ನಿಂತಿವೆ. ಸಮಾಸ, ದೇಶ್ಯ–ಅನ್ಯದೇಶ್ಯ, ಸ್ಥಳನಾಮಗಳ ಪ್ರಶ್ನೆಗಳಲ್ಲಿ ಅಂಕ ಹೋಗುವುದು ಇಲ್ಲೇ.

ಕಪ್ಪು ಎಂಬ ಕರಿ

● ಇದು ಅಚ್ಚಗನ್ನಡ, ದ್ರಾವಿಡ ಮೂಲದ್ದು. ಕರಿಮಣಿ, ಕರಿಹಲಗೆ, ಕರಿಚಿರತೆ, ಕರಿಗಂಬಳಿಗಳಲ್ಲಿ ಇರುವುದು ಇದೇ. ತಮಿಳು, ಮಲಯಾಳಗಳಲ್ಲಿ ‘ಕರಿ’ ಎಂದರೆ ಇದ್ದಿಲು. ನಮ್ಮ ಮನೆಗಳಲ್ಲೂ ಪಾತ್ರೆಯ ತಳಕ್ಕೆ ಹಿಡಿಯುವ ಮಸಿಗೆ ಕರಿ ಎನ್ನುತ್ತಾರೆ.

● ವ್ಯಾಕರಣದಲ್ಲಿ ಮುಖ್ಯ: ಕರ್ಮಧಾರಯ ಸಮಾಸದಲ್ಲಿ ‘ಕರಿದು’ ಎಂಬ ಪೂರ್ವಪದ ರೂಪ ಬದಲಿಸುತ್ತದೆ. ಕರಿದು + ಮುಗಿಲು = ಕಾರ್ಮುಗಿಲು, ಕರಿದು + ಇರುಳು = ಕಾರಿರುಳು, ಕರಿದು + ಕಲ್ಲು = ಕರ್ಗಲ್ಲು. ಮೂರನ್ನೂ ಬಾಯಿಪಾಠ ಮಾಡಿಕೊಳ್ಳಿ.

● ‘ಕರ್ನಾಟಕ’ ಎಂಬ ಹೆಸರಿಗೂ ಕರಿಮಣ್ಣಿನ ‘ಕರುನಾಡು’ ಮೂಲ ಎಂಬ ವಾದವಿದೆ. ‘ಕರು’ ಎಂದರೆ ಎತ್ತರ, ಆದ್ದರಿಂದ ಎತ್ತರದ ನಾಡು ಎನ್ನುವವರೂ ಇದ್ದಾರೆ. ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲದ ಕಾರಣ ಉತ್ತರದಲ್ಲಿ ಎರಡನ್ನೂ ಬರೆಯುವುದೇ ಸರಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು.

ಆನೆ ಎಂಬ ಕರಿ

ಇದು ಸಂಸ್ಕೃತದ ‘ಕರಿನ್’. ಕರ ಎಂದರೆ ಕೈ, ಸೊಂಡಿಲು. ಅದು ಉಳ್ಳದ್ದು ಕರಿ. ‘ಹಸ್ತ’ದಿಂದ ‘ಹಸ್ತಿ’ ಆದದ್ದೂ ಹೀಗೆಯೇ. ಸೊಂಡಿಲನ್ನು ಕೈ ಎಂದು ಕಂಡ ಆ ಹಳೆಯ ಕಣ್ಣಿಗೆ ನಮಸ್ಕರಿಸಬೇಕು. ಆನೆ ಕಪ್ಪಗಿರುವುದರಿಂದ ಅದಕ್ಕೆ ಕರಿ ಎಂಬ ಹೆಸರು ಬಂತು ಎಂಬ ವಿವರಣೆ ತಪ್ಪು. ಕೇಳಲು ಸಹಜವಾಗಿರುವುದರಿಂದಲೇ ಅದು ಇಷ್ಟು ಹರಡಿದೆ.

ಕರಿಮುಖ, ಕರಿವದನ ಎಂದರೆ ಗಣಪತಿ. ಬಹುವ್ರೀಹಿ ಸಮಾಸ. ಗಜೇಂದ್ರನಿಗೆ ವರ ಕೊಟ್ಟ ವಿಷ್ಣು ಕರಿವರದ. ‘ಕರಿಮುಖ’ವನ್ನು ‘ಕಪ್ಪು ಮುಖದವನು’ ಎಂದು ಬಿಡಿಸಿದರೆ ಅರ್ಥ ಕೆಡುತ್ತದೆ. ಅಷ್ಟೇ ಅಲ್ಲ, ಕನ್ನಡದ ಕರಿಗೆ ಸಂಸ್ಕೃತದ ಮುಖ ಸೇರಿಸಿ ಇಲ್ಲದ ಅರಿಸಮಾಸವೊಂದನ್ನು ಹುಟ್ಟಿಸಿದಂತೆಯೂ ಆಗುತ್ತದೆ.

ಸ್ಥಳನಾಮಗಳಲ್ಲಿ ಎರಡೂ ಇವೆ. ತುಮಕೂರಿನ ದೇವರಾಯನದುರ್ಗಕ್ಕೆ ಕರಿಗಿರಿ ಎಂಬ ಹೆಸರಿದೆ, ಅರ್ಥ ಆನೆಯ ಬೆಟ್ಟ. ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟವನ್ನು ಕಪ್ಪು ಬೆಟ್ಟ ಎಂದು ಅರ್ಥ ಮಾಡುತ್ತಾರೆ.

ಅಡುಗೆಮನೆಯ ಕರಿ

ಎಣ್ಣೆಯಲ್ಲಿ ಕರಿ ಎಂಬ ಕ್ರಿಯಾಪದ ಎಲ್ಲರಿಗೂ ಗೊತ್ತು: ಕರಿಗಡುಬು, ಕರಿದ ತಿಂಡಿ. ಭೂತಕಾಲದ ರೂಪದಲ್ಲಿ ಎಚ್ಚರ ಬೇಕು. ‘ಕರಿದನು’ ಎಂದರೆ ಎಣ್ಣೆಯಲ್ಲಿ ಬೇಯಿಸಿದನು. ‘ಕರೆದನು’ ಎಂದರೆ ಕೂಗಿದನು, ಇಲ್ಲವೇ ಹಾಲು ಹಿಂಡಿದನು. ಒಂದು ಸ್ವರದ ವ್ಯತ್ಯಾಸದಲ್ಲಿ ಹಪ್ಪಳವೂ ಹಸುವೂ ಅದಲುಬದಲಾಗುತ್ತವೆ.

ತಮಿಳಿನಲ್ಲಿ ಇದ್ದಿಲಿನ ಕರಿಯಲ್ಲಿ ಸಾಮಾನ್ಯ ‘ರ’, ಆಹಾರದ ‘ಕಱಿ’ಯಲ್ಲಿ ಶಕಟರೇಫ ‘ಱ’. ಎರಡನೆಯದಕ್ಕೆ ತರಕಾರಿ, ಮಾಂಸ, ಕಾಳುಮೆಣಸು ಎಂಬ ಅರ್ಥಗಳಿವೆ. ಯವನರ ಹಡಗುಗಳು ಚಿನ್ನ ತಂದು ಮುಸಿರಿ ಬಂದರಿನಿಂದ ಮೆಣಸು ಒಯ್ದದ್ದನ್ನು ಹೇಳುವ ಸಂಗಂ ಕವಿತೆಯೊಂದು ‘ಅಗನಾನೂರು’ ಸಂಕಲನದಲ್ಲಿದೆ. ಅಲ್ಲಿ ಮೆಣಸಿಗೆ ಇರುವ ಹೆಸರು ಈ ಕಱಿಯೇ. ಹಳಗನ್ನಡದಲ್ಲೂ ‘ಱ’ ಇತ್ತು. ಹೊಸಗನ್ನಡದಲ್ಲಿ ಅದು ‘ರ’ದೊಳಗೆ ಕರಗಿಹೋಯಿತು. ಒಂದು ಅಕ್ಷರ ಕಳೆದುಹೋದರೆ ಎಷ್ಟು ಗುರುತು ಅಳಿಸಿಹೋಗುತ್ತದೆ ಎಂಬುದಕ್ಕೆ ಕರಿಬೇವು ಸಾಕ್ಷಿ. ನಾವು ಅದನ್ನು ‘ಕಪ್ಪು ಬೇವು’ ಎಂದು ಬಿಡಿಸಿಕೊಳ್ಳುತ್ತೇವೆ. ತಮಿಳಿನ ಹೆಸರಿನಲ್ಲಿ ‘ಱ’ ಉಳಿದಿರುವುದರಿಂದ ಅಲ್ಲಿ ಅದು ಅಡುಗೆಗೆ ಹಾಕುವ ಬೇವಿನೆಲೆ.

ಈ ಆಹಾರದ ಪದವೇ ಪೋರ್ಚುಗೀಸರ ಬಾಯಲ್ಲಿ ‘ಕರಿಲ್’ ಆಯಿತು, ಇಂಗ್ಲಿಷರ ಬಾಯಲ್ಲಿ ‘ಕರ್ರಿ’ ಆಯಿತು. 1747ರಲ್ಲಿ ಹನ್ನಾ ಗ್ಲಾಸ್ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಭಾರತೀಯ ರೀತಿಯ ಕರ್ರಿ ಮಾಡುವ ವಿಧಾನವಿದೆ. 1810ರಲ್ಲಿ ಶೇಖ್ ದೀನ್ ಮಹಮದ್ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದು ಇಂಥ ಅಡುಗೆಯನ್ನು ಬಡಿಸಿದರು. ಜಪಾನಿನ ‘ಕರೇ’ ಮೇಜಿ ಯುಗದಲ್ಲಿ (1868–1912) ಬ್ರಿಟಿಷರ ಮೂಲಕ ಹೋದದ್ದು.

ಇಂಗ್ಲಿಷಿನಲ್ಲೇ ಇನ್ನೊಂದು ‘ಕರ್ರಿ’ ಇದೆ: ಕುದುರೆಯ ಮೈ ಉಜ್ಜು, ತೊಗಲು ಹದ ಮಾಡು. ಇದು ಹಳೆಯ ಫ್ರೆಂಚಿನಿಂದ ಬಂದ ಕ್ರಿಯಾಪದ. ತಮಿಳಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಓಲೈಸುವುದಕ್ಕೆ ಇಂಗ್ಲಿಷರು ಬಳಸುವ ‘ಕರ್ರಿ ಫೇವರ್’ ಎಂಬ ನುಡಿಗಟ್ಟು ಹುಟ್ಟಿದ್ದು ಇದರಿಂದ. 14ನೆಯ ಶತಮಾನದ ಫ್ರೆಂಚ್ ವಿಡಂಬನ ಕಾವ್ಯವೊಂದರ ಫೋವೆಲ್ ಎಂಬ ಕುದುರೆಯ ಮೈಯನ್ನು ಎಲ್ಲರೂ ನಾಮುಂದು ತಾಮುಂದು ಎಂದು ತಿಕ್ಕುತ್ತಾರೆ. ಆ ಹೆಸರೇ ಮುಂದೆ ‘ಫೇವರ್’ ಎಂದು ಬದಲಾಯಿತು.

ಹಬ್ಬದ ಕರಿ

ಸಂಕ್ರಾಂತಿಯ ಮರುದಿನ ‘ಕರಿ’. ಆ ದಿನ ಶುಭಕಾರ್ಯ ಮಾಡುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಕಾರ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ, ಓಡಿಸಿ ‘ಕರಿ ಹರಿಯುತ್ತಾರೆ’. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಚೆನ್ನಾಗಿ ಬರುತ್ತದೆಂದು ಹೇಳುವುದು ರೈತರ ನಂಬಿಕೆ. ಜಾನಪದದ ಪ್ರಶ್ನೆಗೆ ಇಷ್ಟು ಸಾಕು.

ದೂರದ ಭಾಷೆಗಳಲ್ಲಿ

ಫಿನ್ನಿಶ್‌ನಲ್ಲಿ ‘ಕರಿ’ ಎಂದರೆ ನೀರಿನಡಿಯ ಬಂಡೆ. ಅದು ಅಲ್ಲಿ ಗಂಡಸರ ಹೆಸರೂ ಹೌದು. ನಾರ್ವೆಯಲ್ಲಿ ಕಾರಿ ಹೆಣ್ಣುಮಕ್ಕಳ ಹೆಸರು, ಕ್ಯಾಥರೀನ್‌ನ ಮೊಟಕು ರೂಪ. ಜಪಾನಿಯಲ್ಲಿ ಒಂದು ಕರಿ ಬೇಟೆ, ಮತ್ತೊಂದು ಕರಿ ಸಾಲ. ಇವೆಲ್ಲ ಕಾಕತಾಳೀಯ. ಮಲಯ ಭಾಷೆಯ ‘ಕರಿ’ ಮಾತ್ರ ತಮಿಳಿನಿಂದ ಹೋದ ನಿಜವಾದ ಎರವಲು. ಸದ್ದು ಹೊಂದಿದ್ದಷ್ಟಕ್ಕೇ ಭಾಷೆಗಳಿಗೆ ಸಂಬಂಧ ಕಟ್ಟಿಕೊಟ್ಟು ಹರಿದಾಡುವ ಸಂದೇಶಗಳನ್ನು ಉತ್ತರಪತ್ರಿಕೆಗೆ ತರಬೇಡಿ.

ಕರಿ ಇರುವ ಸಮಸ್ತಪದ ಬಂದಾಗ ಮೊದಲು ಬದಿಯಲ್ಲಿ ‘ಕನ್ನಡ’ವೋ ‘ಸಂಸ್ಕೃತ’ವೋ ಎಂದು ಬರೆದುಕೊಳ್ಳಿ, ಆಮೇಲೆ ಬಿಡಿಸಿ.